ಉದ್ದದ ಪಟ್ಟಿ, ಅಗಲದ ಪಟ್ಟಿ

 

ಇವತ್ತಿನ ಮಾತು ಕಂಪ್ಯೂಟರಿಗೆ ಸಂಬಂಧಿಸಿದ್ದು. ನಿಮ್ಮಲ್ಲಿ ಹಲವರು ಕಾಲೇಜಿನಲ್ಲಿ ಡೇಟಾಬೇಸ್ ಓದುತ್ತಿದ್ದೀರಿ, ಕೆಲವರು ಮೊದಲ ಕೆಲಸಕ್ಕೆ ಸೇರಿದ್ದೀರಿ. ಸಂದರ್ಶನಗಳಲ್ಲಿ ಪದೇ ಪದೇ ಬರುವ ಒಂದು ಪ್ರಶ್ನೆ ನಿಮಗೆ ಗೊತ್ತಿರಬಹುದು: ಟೇಬಲ್ಲಿನಲ್ಲಿ ಸಾಲುಗಳಾಗಿ ಇರುವುದನ್ನು ಕಾಲಂಗಳಾಗಿ ತೋರಿಸಿ. ಇದನ್ನು ಪಿವಟ್ ಅನ್ನುತ್ತಾರೆ. ಉತ್ತರ ಬರೆಯಲು ಐದು ನಿಮಿಷ ಸಾಕು. ಆದರೆ ಆ ಐದು ನಿಮಿಷದ ಉತ್ತರವನ್ನು ನಾನು ಒಂದು ಯುಗಾದಿ ಊಟಕ್ಕೆ ಬಳಸಿ, ಒಂದು ಮಗುವಿನ ತಟ್ಟೆಗೆ ಬರಬಾರದ್ದು ಬರುವ ಹಾಗೆ ಮಾಡಿಬಿಟ್ಟಿದ್ದೆ. ಹಾಗಾಗಿ ಇವತ್ತು ಎರಡನ್ನೂ ಹೇಳುತ್ತೇನೆ. ಸಾಲುಗಳನ್ನು ಕಾಲಂ ಮಾಡುವುದು ಹೇಗೆ, ಮಾಡುವಾಗ ಏನು ಕಳೆದುಹೋಗಬಹುದು.

ಮೊದಲು ಎರಡು ಪುಸ್ತಕಗಳನ್ನು ನೆನಪು ಮಾಡಿಕೊಳ್ಳಿ. ಒಂದು ಶಾಲೆಯ ಹಾಜರಿ ಪುಸ್ತಕ. ಎಡಗಡೆ ಮಕ್ಕಳ ಹೆಸರು, ಮೇಲುಗಡೆ ತಾರೀಕು, ನಡುವೆ ಚೌಕಗಳು. ಒಂದೊಂದು ಮಗುವಿಗೆ ಒಂದೇ ಸಾಲು. ನೋಡಿದ ತಕ್ಷಣ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅಂತ ಗೊತ್ತಾಗುತ್ತದೆ. ಇದು ಅಗಲದ ಪಟ್ಟಿ.

ಇನ್ನೊಂದನ್ನು ನೀವು ನೋಡಿರಲಿಕ್ಕಿಲ್ಲ, ನಿಮ್ಮ ಅಜ್ಜ ಅಜ್ಜಿಯರು ನೋಡಿರುತ್ತಾರೆ. ಊರಿನ ಅಂಗಡಿಗಳಲ್ಲಿ ಕಿರ್ದಿ ಪುಸ್ತಕ ಅಂತ ಇರುತ್ತಿತ್ತು. ದಿನದಲ್ಲಿ ನಡೆದ ವ್ಯವಹಾರವೆಲ್ಲ ಅದರಲ್ಲಿ ಒಂದರ ಕೆಳಗೆ ಒಂದು. ಇಂಥವರಿಗೆ ಅಕ್ಕಿ, ಇಂಥವರಿಂದ ಹಣ, ಮತ್ತೆ ಇಂಥವರಿಗೆ ಎಣ್ಣೆ. ನಡೆದದ್ದು ನಡೆದ ಹಾಗೆ ಇಳಿಯುತ್ತಾ ಹೋಗುತ್ತದೆ. ಇದು ಉದ್ದದ ಪಟ್ಟಿ. ಆಮೇಲೆ ಅದನ್ನೇ ನೋಡಿಕೊಂಡು ಒಬ್ಬೊಬ್ಬರ ಹೆಸರಿಗೆ ಒಂದೊಂದು ಪುಟ ಮಾಡಿ ಖಾತೆ ಪುಸ್ತಕಕ್ಕೆ ಏರಿಸುತ್ತಿದ್ದರು. ಜಗಳ ಬಂದರೆ ತೆಗೆದು ನೋಡುತ್ತಿದ್ದದ್ದು ಮಾತ್ರ ಕಿರ್ದಿಯನ್ನೇ. ಖಾತೆಯಲ್ಲಿ ಏರಿಸುವವನ ಕೈತಪ್ಪು ಇರಬಹುದು, ಕಿರ್ದಿಯಲ್ಲಿ ಇರುವುದು ಆ ಹೊತ್ತಿನಲ್ಲಿ ಬರೆದದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಡೇಟಾಬೇಸಿಗೆ ಇಷ್ಟವಾಗುವುದು ಕಿರ್ದಿಯಂಥ ಉದ್ದದ ಪಟ್ಟಿ. ಮನುಷ್ಯನ ಕಣ್ಣಿಗೆ ಇಷ್ಟವಾಗುವುದು ಹಾಜರಿ ಪುಸ್ತಕದಂಥ ಅಗಲದ ಪಟ್ಟಿ. ಪಿವಟ್ ಅಂದರೆ ಮೊದಲನೆಯದನ್ನು ಎರಡನೆಯದಾಗಿ ಮಾಡುವುದು, ಅಷ್ಟೇ.

ಡೇಟಾಬೇಸಿಗೆ ಉದ್ದದ ಪಟ್ಟಿ ಯಾಕೆ ಇಷ್ಟ? ಇದಕ್ಕೆ 1970ಕ್ಕೆ ಹೋಗಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಸ್ಯಾನ್ ಹೋಸೆಯಲ್ಲಿ ಐಬಿಎಂ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು ಆ ವರ್ಷ ಒಂದು ಪ್ರಬಂಧ ಪ್ರಕಟಿಸಿದರು. ಮಾಹಿತಿಯನ್ನೆಲ್ಲ ಟೇಬಲ್ಲುಗಳಾಗಿ ಇಡೋಣ, ಒಂದೊಂದು ಸಾಲೂ ಒಂದೊಂದು ಸಂಗತಿಯನ್ನು ಹೇಳಲಿ, ಸಾಲುಗಳು ಯಾವ ಕ್ರಮದಲ್ಲಿವೆ ಅನ್ನುವುದಕ್ಕೆ ಅರ್ಥ ಇರದಿರಲಿ ಅನ್ನುವುದು ಅದರ ಸಾರ. ಅಲ್ಲಿಂದ ನಾಲ್ಕು ವರ್ಷಕ್ಕೆ, 1974ರಲ್ಲಿ, ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇಂಥ ಟೇಬಲ್ಲುಗಳನ್ನು ಪ್ರಶ್ನೆ ಕೇಳಲು ಸೀಕ್ವೆಲ್ ಎಂಬ ಭಾಷೆ ರೂಪಿಸಿದರು. ಇವತ್ತಿನ ಎಸ್‌ಕ್ಯೂಎಲ್ ಅದೇ. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಒಂದು ಸಾಲು ಒಂದು ಸಂಗತಿ ಅನ್ನುವ ಈ ಪದ್ಧತಿಯ ಲಾಭ ಏನು? ಹೊಸ ಸಂಗತಿ ಬಂದರೆ ಹೊಸ ಸಾಲು ಸೇರಿಸಿದರಾಯಿತು, ಟೇಬಲ್ಲಿನ ಆಕಾರ ಬದಲಾಗುವುದಿಲ್ಲ. ಹಾಜರಿ ಪುಸ್ತಕದ ಹಾಗೆ ಇಟ್ಟರೆ ಪ್ರತಿ ವಾರ ಹೊಸ ಕಾಲಂ ಸೇರಿಸಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟೇಬಲ್ಲಿಗೆ ಹೆಚ್ಚೆಂದರೆ 1600 ಕಾಲಂ, ಮೈಎಸ್‌ಕ್ಯೂಎಲ್‌ನಲ್ಲಿ 4096. ಸಾಲುಗಳಿಗಾದರೋ ಕೋಟಿಗಟ್ಟಲೆ ಜಾಗ ಇದೆ.

ಈಗ ನಮ್ಮ ಉದಾಹರಣೆಗೆ ಬರೋಣ. ನಾನು ಭಾನುವಾರದ ಒಂದು ಕನ್ನಡ ಶಾಲೆಯಲ್ಲಿ ಸ್ವಯಂಸೇವಕ. ಯುಗಾದಿಗೆ ಮಕ್ಕಳಿಗೆಲ್ಲ ಬಾಳೆ ಎಲೆಯ ಊಟ ಅಂತ ತೀರ್ಮಾನವಾಯಿತು. ಮನೆಗಳಿಗೆ ಒಂದು ಫಾರಂ ಕಳಿಸಿದೆವು. ಮೂರೇ ಪ್ರಶ್ನೆ. ಬರುವಿರಾ? ಖಾರ ಎಷ್ಟು? ಯಾವ ಆಹಾರ ಒಗ್ಗುವುದಿಲ್ಲ? ಉತ್ತರಗಳು ಬಂದು ಕೂರುವ ಟೇಬಲ್ಲಿನ ಹೆಸರು 'ಉತ್ತರಗಳು'. ಅದರಲ್ಲಿ ಮೂರು ಕಾಲಂ: ಮಗುವಿನ ಸಂಖ್ಯೆ, ಪ್ರಶ್ನೆ, ಉತ್ತರ. 3ನೇ ಮಗುವಿನದು ಹೀಗಿತ್ತು ಅಂದುಕೊಳ್ಳಿ:

3, ಬರುವಿರಾ, ಹೌದು
3, ಖಾರ, ಕಡಿಮೆ
3, ಒಗ್ಗದ್ದು, ಮೊಟ್ಟೆ

ಒಂದು ಮಗು, ಮೂರು ಸಾಲು. ಅಡುಗೆಮನೆಯವರಿಗೆ ಇದು ಬೇಡ. ಅವರಿಗೆ ಒಂದು ಮಗುವಿಗೆ ಒಂದು ಚೀಟಿ ಬೇಕು. 3ನೇ ಮಗು, ಬರುತ್ತದೆ, ಖಾರ ಕಡಿಮೆ, ಮೊಟ್ಟೆ ಬೇಡ. ಅಂದರೆ ಪ್ರಶ್ನೆಗಳು ಮೂರು ಕಾಲಂಗಳ ತಲೆಬರಹ ಆಗಬೇಕು.

ಇದನ್ನು ಎರಡು ಹೆಜ್ಜೆಯಲ್ಲಿ ಮಾಡುತ್ತೇವೆ. ಕಣ್ಣು ಮುಚ್ಚಿಕೊಂಡು ಕಲ್ಪಿಸಿಕೊಳ್ಳಿ, ಸುಲಭವಾಗುತ್ತದೆ.

ಮೊದಲ ಹೆಜ್ಜೆ, ಹರಡುವುದು. ಪ್ರತಿ ಸಾಲಿನ ಮುಂದೆ ಮೂರು ಖಾಲಿ ಚೌಕ ಹಾಕಿ: ಬರುವಿರಾ, ಖಾರ, ಒಗ್ಗದ್ದು. ಆ ಸಾಲು ಯಾವ ಪ್ರಶ್ನೆಗೆ ಸೇರಿದೆಯೋ ಆ ಚೌಕದಲ್ಲಿ ಮಾತ್ರ ಉತ್ತರ ಬರೆಯಿರಿ, ಉಳಿದ ಎರಡನ್ನು ಖಾಲಿ ಬಿಡಿ. ಮೊದಲ ಸಾಲಿನಲ್ಲಿ ಮೊದಲ ಚೌಕ ತುಂಬಿತು, ಎರಡನೇ ಸಾಲಿನಲ್ಲಿ ಎರಡನೆಯದು, ಮೂರನೇ ಸಾಲಿನಲ್ಲಿ ಮೂರನೆಯದು. ಮೆಟ್ಟಿಲಿನ ಹಾಗೆ ಕಾಣುತ್ತದೆ ಅಲ್ಲವೇ? ಖಾಲಿ ಚೌಕಗಳಿಗೆ ಡೇಟಾಬೇಸಿನ ಭಾಷೆಯಲ್ಲಿ ನಲ್ ಅನ್ನುತ್ತಾರೆ. ಈ ಹರಡುವ ಕೆಲಸ ಮಾಡುವುದು ಕೇಸ್ ವೆನ್.

ಎರಡನೇ ಹೆಜ್ಜೆ, ಮಡಿಸುವುದು. ಒಂದೇ ಮಗುವಿನ ಮೂರು ಸಾಲುಗಳನ್ನು ಮೇಲಿನಿಂದ ಒತ್ತಿ ಒಂದೇ ಸಾಲು ಮಾಡಿ. ಇದು ಗ್ರೂಪ್ ಬೈ. ಆದರೆ ಒತ್ತುವಾಗ ಒಂದೊಂದು ಕಾಲಂನಲ್ಲೂ ಮೂರು ಚೌಕ ಒಂದಾಗಬೇಕು. ಆ ಮೂರರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಇಲ್ಲಿ ಒಂದು ಅನುಕೂಲ ಇದೆ. ಮ್ಯಾಕ್ಸ್, ಮಿನ್, ಸಮ್ ಇಂಥ ಒಟ್ಟುಗೂಡಿಸುವ ಫಂಕ್ಷನ್‌ಗಳು ನಲ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂರು ಚೌಕದಲ್ಲಿ ಎರಡು ಖಾಲಿ, ಒಂದರಲ್ಲಿ ಉತ್ತರ ಇದ್ದರೆ ಮ್ಯಾಕ್ಸ್ ಕೊಡುವುದು ಆ ಒಂದನ್ನೇ. ಹಾಗಾಗಿ ಎಲ್ಲರೂ ಮ್ಯಾಕ್ಸ್ ಬರೆಯುತ್ತಾರೆ. ಓದಿ ಹೇಳುತ್ತೇನೆ, ಪತ್ರಿಕೆಯಲ್ಲಿ ಓದುವವರಿಗೆ ಕಣ್ಣೆದುರೇ ಇದೆ:

ಸೆಲೆಕ್ಟ್ ಮಗು,
ಮ್ಯಾಕ್ಸ್ (ಕೇಸ್ ವೆನ್ ಪ್ರಶ್ನೆ = 'ಬರುವಿರಾ' ದೆನ್ ಉತ್ತರ ಎಂಡ್) ಆ್ಯಸ್ ಬರುವಿರಾ,
ಮ್ಯಾಕ್ಸ್ (ಕೇಸ್ ವೆನ್ ಪ್ರಶ್ನೆ = 'ಖಾರ' ದೆನ್ ಉತ್ತರ ಎಂಡ್) ಆ್ಯಸ್ ಖಾರ,
ಮ್ಯಾಕ್ಸ್ (ಕೇಸ್ ವೆನ್ ಪ್ರಶ್ನೆ = 'ಒಗ್ಗದ್ದು' ದೆನ್ ಉತ್ತರ ಎಂಡ್) ಆ್ಯಸ್ ಒಗ್ಗದ್ದು
ಫ್ರಮ್ ಉತ್ತರಗಳು
ಗ್ರೂಪ್ ಬೈ ಮಗು;

ಇದು ಬಹುತೇಕ ಎಲ್ಲ ಡೇಟಾಬೇಸುಗಳಲ್ಲೂ ನಡೆಯುತ್ತದೆ. ಸೆಲೆಕ್ಟ್, ಕೇಸ್ ಇಂಥ ಪದಗಳನ್ನು ಮಾತ್ರ ನೀವು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು ಅಷ್ಟೇ.

ಇದನ್ನೇ ಚಿಕ್ಕದಾಗಿ ಬರೆಯುವ ದಾರಿಗಳೂ ಇವೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2005ರ ಆವೃತ್ತಿಯಲ್ಲಿ ಪಿವಟ್ ಎಂಬ ಪದವನ್ನೇ ತಂದಿತು, ಒರಾಕಲ್ ತನ್ನ 11ಜಿ ಆವೃತ್ತಿಯಲ್ಲಿ ತಂದಿತು. ಪೋಸ್ಟ್‌ಗ್ರೆಸ್‌ನಲ್ಲಿ 9.4ರಿಂದ ಕೇಸ್ ಬದಲು ಫಿಲ್ಟರ್ ಅಂತ ಬರೆಯಬಹುದು, ಓದಲು ಚೆನ್ನಾಗಿರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಪಿವಟ್ ಪದವಿಲ್ಲ, ಕೇಸ್ ಬರೆದೇ ಮಾಡಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಕ್ರಾಸ್‌ಟ್ಯಾಬ್ ಅನ್ನುವ ಇನ್ನೊಂದು ಫಂಕ್ಷನ್ ಇದೆ, ಅದರ ಬಗ್ಗೆ ಒಂದು ಎಚ್ಚರಿಕೆ. ಅದಕ್ಕೆ ಒಂದೇ ಕ್ವೆರಿ ಕೊಟ್ಟರೆ ಅದು ಉತ್ತರಗಳನ್ನು ಎಡದಿಂದ ಬಲಕ್ಕೆ ಒಂದಾದ ಮೇಲೆ ಒಂದು ತುಂಬುತ್ತಾ ಹೋಗುತ್ತದೆ. ಯಾರೋ ಮೊದಲ ಪ್ರಶ್ನೆಗೆ ಉತ್ತರಿಸಿಲ್ಲ ಅಂದರೆ, ಎರಡನೆಯ ಉತ್ತರ ಸರಿದು ಮೊದಲ ಕಾಲಂನಲ್ಲಿ ಕೂತುಬಿಡುತ್ತದೆ. ಖಾರ ಕಡಿಮೆ ಅನ್ನುವುದು 'ಬರುವಿರಾ' ಕೆಳಗೆ ಬರುತ್ತದೆ! ಇರುವ ಪ್ರಶ್ನೆಗಳ ಪಟ್ಟಿಯನ್ನು ಎರಡನೇ ಕ್ವೆರಿಯಾಗಿ ಕೊಟ್ಟರೆ ಈ ತೊಂದರೆ ಇಲ್ಲ.

ಸಂದರ್ಶನಕ್ಕೆ ಇಷ್ಟು ಸಾಕು. ಈಗ ಯುಗಾದಿಯ ಕಥೆ.

ನಾನು ಮೇಲಿನ ಕ್ವೆರಿಯನ್ನೇ ಬರೆದೆ. ನಾಲ್ಕು ಮಕ್ಕಳ ಸುಳ್ಳು ಉತ್ತರ ತುಂಬಿ ಪರೀಕ್ಷಿಸಿದೆ, ಸರಿಯಾಗಿಯೇ ಬಂತು. ಎಪ್ಪತ್ತಕ್ಕೂ ಹೆಚ್ಚು ಮಕ್ಕಳ ಚೀಟಿ ಮುದ್ರಿಸಿ ಎಲೆಗಳ ಮುಂದೆ ಇಟ್ಟೆವು. ಊಟಕ್ಕೆ ಒಬ್ಬಟ್ಟು, ಕೋಸಂಬರಿ, ಪಲ್ಯ, ಮಾವಿನಕಾಯಿ ಚಿತ್ರಾನ್ನ. 7ನೇ ಮಗುವಿನ ಚೀಟಿಯಲ್ಲಿ 'ಒಗ್ಗದ್ದು: ಹಾಲು' ಅಂತ ಇತ್ತು. ಬಡಿಸುತ್ತಿದ್ದ ಹುಡುಗಿ ನಿಮ್ಮ ವಯಸ್ಸಿನವಳೇ, ಬಹಳ ಜವಾಬ್ದಾರಿಯವಳು. ಚೀಟಿ ಓದಿದಳು. ಪಾಯಸ ಹಾಕಲಿಲ್ಲ, ಮೊಸರು ಹಾಕಲಿಲ್ಲ. ಪಾಪ ಮಗುವಿಗೆ ಇದೂ ಇಲ್ಲ ಅದೂ ಇಲ್ಲ ಅಂತ, ಹಾಲಿಲ್ಲದ ಚಿತ್ರಾನ್ನವನ್ನು ಎರಡು ಸೌಟು ಹೆಚ್ಚಾಗಿಯೇ ಬಡಿಸಿದಳು.

ಚಿತ್ರಾನ್ನದಲ್ಲಿ ಏನಿರುತ್ತದೆ ಅಂತ ನಿಮಗೆ ಗೊತ್ತು. ಹುರಿದ ಕಡಲೆಕಾಯಿ ಬೀಜ.

ಮಗು ತುತ್ತು ಕಲಸುವಾಗ ತಾಯಿ ಹಿಂದಿನಿಂದ ಬಂದರು. ಚೀಟಿ ನೋಡಿದರು, ಎಲೆ ನೋಡಿದರು, ಮಗುವಿನ ಕೈ ಹಿಡಿದು ಎಬ್ಬಿಸಿಬಿಟ್ಟರು. ಆ ಮಗುವಿಗೆ ಹಾಲು ಹೊಟ್ಟೆಗೆ ಆಗುವುದಿಲ್ಲ, ಅಷ್ಟೇ. ಕಡಲೆಕಾಯಿ ತಿಂದರೆ ಗಂಟಲು ಊದಿಕೊಳ್ಳುತ್ತದೆ. ಚುಚ್ಚುಮದ್ದಿನ ಪೆನ್ನು ಯಾವಾಗಲೂ ತಾಯಿಯ ಚೀಲದಲ್ಲೇ ಇರುತ್ತದೆ. ಅವತ್ತು ಅದು ಬೇಕಾಗಲಿಲ್ಲ. ಕೈ ತೊಳೆಸಿದರು, ಬಾಯಿಗೆ ಹೋಗಿರಲಿಲ್ಲ.

ಆಮೇಲೆ ತಾಯಿ ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. ಗದರಲಿಲ್ಲ. "ನಾನು ಎರಡನ್ನೂ ಬರೆದುಕೊಟ್ಟಿದ್ದೆನಲ್ಲ, ಕಡಲೆಕಾಯಿ ಎಲ್ಲಿ ಹೋಯಿತು?"

ಬಡಿಸುವುದನ್ನು ನಿಲ್ಲಿಸಿ ಲ್ಯಾಪ್‌ಟಾಪ್ ತೆರೆದೆವು. ಮೂಲ ಟೇಬಲ್ಲಿನಲ್ಲಿ ಕಡಲೆಕಾಯಿ ಇತ್ತು.

7, ಒಗ್ಗದ್ದು, ಕಡಲೆಕಾಯಿ
7, ಒಗ್ಗದ್ದು, ಹಾಲು

ಫಾರಂನಲ್ಲಿ ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದಿತ್ತು. ಒಂದೊಂದು ಗುರುತಿಗೂ ಒಂದೊಂದು ಸಾಲು. ಮಡಿಸುವಾಗ ಆ ಕಾಲಂನಲ್ಲಿ ತುಂಬಿದ ಚೌಕ ಎರಡು ಇದ್ದವು. ಮ್ಯಾಕ್ಸ್ ಒಂದನ್ನೇ ಇಟ್ಟುಕೊಳ್ಳುತ್ತದೆ. ಪದಗಳಲ್ಲಿ ದೊಡ್ಡದು ಅಂದರೆ ಯಾವುದು? ವರ್ಣಮಾಲೆಯಲ್ಲಿ ಕೊನೆಗೆ ಬರುವುದು. ಕ, ಖ, ಗ, ಘ ಅಂತ ಹೇಳಿಕೊಂಡು ಹೋಗಿ. ಕ ಮೊದಲೇ ಬಂತು, ಹ ಬರುವುದು ಕೊನೆಯ ಹತ್ತಿರ. ಹಾಗಾಗಿ ಹಾಲು ಗೆದ್ದಿತು, ಕಡಲೆಕಾಯಿ ಸೋತಿತು. ಇದೇ ಉತ್ತರಗಳು ಇಂಗ್ಲಿಷಿನಲ್ಲಿ ಇದ್ದಿದ್ದರೆ ಮಿಲ್ಕ್ ಸೋತು ಪೀನಟ್ ಗೆಲ್ಲುತ್ತಿತ್ತು. ಯಾವುದು ಮಗುವಿಗೆ ಅಪಾಯ ಅನ್ನುವುದು ಮ್ಯಾಕ್ಸ್‌ಗೆ ಗೊತ್ತಿಲ್ಲ, ಅದು ನೋಡುವುದು ಅಕ್ಷರದ ಕ್ರಮ ಒಂದನ್ನೇ. ದೋಷದ ಸಂದೇಶವೂ ಬರಲಿಲ್ಲ, ಯಾಕೆಂದರೆ ಡೇಟಾಬೇಸಿನ ದೃಷ್ಟಿಯಲ್ಲಿ ದೋಷವೇ ಇಲ್ಲ. ನಾನು ದೊಡ್ಡದು ಕೇಳಿದೆ, ಅದು ದೊಡ್ಡದು ಕೊಟ್ಟಿತು.

ನನ್ನ ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ? ಸುಳ್ಳು ಉತ್ತರ ತುಂಬಿದವನು ನಾನೇ. ನಾಲ್ಕು ಮಕ್ಕಳಿಗೂ ಒಂದೊಂದೇ ಒಗ್ಗದ್ದು ಬರೆದಿದ್ದೆ. ನನ್ನ ತಲೆಯಲ್ಲಿ ಇದ್ದ ಊಹೆಯೇ ಪರೀಕ್ಷೆಯಲ್ಲೂ ಇತ್ತು.

ಆ ದಿನ ಮೂಲ ಪಟ್ಟಿಯನ್ನು ಸಾಲು ಸಾಲಾಗಿ ಓದಿದಾಗ ಇನ್ನೂ ಎರಡು ಮಕ್ಕಳಿಗೆ ಹೀಗೇ ಆಗಿತ್ತು. ಅವರ ಚೀಟಿಗಳನ್ನು ಪೆನ್ನಿನಲ್ಲಿ ತಿದ್ದಿದೆವು. ಚಿತ್ರಾನ್ನವನ್ನು ಪಕ್ಕದ ಮೇಜಿಗೆ ಒಯ್ದು, ಬೇಕಾದವರು ಅಲ್ಲಿಗೆ ಬಂದು ಹಾಕಿಸಿಕೊಳ್ಳಲಿ ಅಂದೆವು.

ಈ ಘಟನೆಯಿಂದ ನಾನು ಕಲಿತು, ಈಗಲೂ ಪಾಲಿಸುವ ಕೆಲವು ವಿಷಯ ಹೇಳುತ್ತೇನೆ. ಇವನ್ನು ಪಠ್ಯಪುಸ್ತಕದಲ್ಲಿ ಒಂದೇ ಕಡೆ ಕಾಣುವುದು ಕಡಿಮೆ.

ಮೊದಲನೆಯದು, ಪಿವಟ್ ಬರೆಯುವ ಮುಂಚೆ ಒಂದು ಚೌಕಕ್ಕೆ ಎಷ್ಟು ಉತ್ತರ ಬೀಳುತ್ತದೆ ಅಂತ ಎಣಿಸಿ. ಮೂರು ಸಾಲಿನ ಕೆಲಸ:

ಸೆಲೆಕ್ಟ್ ಮಗು, ಪ್ರಶ್ನೆ, ಕೌಂಟ್(*)
ಫ್ರಮ್ ಉತ್ತರಗಳು
ಗ್ರೂಪ್ ಬೈ ಮಗು, ಪ್ರಶ್ನೆ ಹ್ಯಾವಿಂಗ್ ಕೌಂಟ್(*) > 1;

ಒಂದೂ ಸಾಲು ಬರದಿದ್ದರೆ ಮ್ಯಾಕ್ಸ್ ಸುರಕ್ಷಿತ. ಒಂದು ಸಾಲು ಬಂದರೂ ಮ್ಯಾಕ್ಸ್ ಏನನ್ನೋ ಎಸೆಯಲಿದೆ ಅಂತ ಅರ್ಥ. ಒಂದು ಪ್ರಶ್ನೆಗೆ ಒಂದೇ ಉತ್ತರ ಇರಬೇಕು ಅನ್ನುವುದು ನಿಯಮವೇ ಆಗಿದ್ದರೆ, ಮಗು ಮತ್ತು ಪ್ರಶ್ನೆ ಎರಡನ್ನೂ ಸೇರಿಸಿ ಯುನೀಕ್ ಅಂತ ಟೇಬಲ್ಲಿನಲ್ಲೇ ಕಟ್ಟುಪಾಡು ಹಾಕಿ. ಆಗ ಎರಡನೇ ಉತ್ತರ ಒಳಗೆ ಬರುವಾಗಲೇ ಡೇಟಾಬೇಸ್ ತಡೆಯುತ್ತದೆ. ಎಸ್‌ಕ್ಯೂಎಲ್ ಸರ್ವರ್ ಮತ್ತು ಒರಾಕಲ್‌ನ ಪಿವಟ್ ಪದ ಬಳಸಿದರೂ ಈ ಎಚ್ಚರಿಕೆ ತಪ್ಪಿದ್ದಲ್ಲ. ಅಲ್ಲೂ ಒಂದು ಮ್ಯಾಕ್ಸೋ ಸಮ್ಮೋ ಕೇಳಿಯೇ ಕೇಳುತ್ತದೆ.

ಎರಡನೆಯದು, ಹಲವು ಉತ್ತರ ಇರಬಹುದಾದ ಕಡೆ ಮ್ಯಾಕ್ಸ್ ಬೇಡ, ಎಲ್ಲವನ್ನೂ ಪೋಣಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟ್ರಿಂಗ್ ಆ್ಯಗ್, ಮೈಎಸ್‌ಕ್ಯೂಎಲ್‌ನಲ್ಲಿ ಗ್ರೂಪ್ ಕಾನ್‌ಕ್ಯಾಟ್, ಒರಾಕಲ್‌ನಲ್ಲಿ ಲಿಸ್ಟ್ ಆ್ಯಗ್. ಆಗ ಚೌಕದಲ್ಲಿ 'ಕಡಲೆಕಾಯಿ, ಹಾಲು' ಅಂತ ಎರಡೂ ಬರುತ್ತದೆ.

ಇಲ್ಲಿ ಕನ್ನಡದವರಿಗೇ ಒಂದು ವಿಶೇಷ ಎಚ್ಚರಿಕೆ ಇದೆ. ಮೈಎಸ್‌ಕ್ಯೂಎಲ್‌ನ ಗ್ರೂಪ್ ಕಾನ್‌ಕ್ಯಾಟ್ ನೀವು ಬದಲಿಸದಿದ್ದರೆ 1024 ಬೈಟ್‌ಗೆ ನಿಂತುಬಿಡುತ್ತದೆ, ಮಿಕ್ಕಿದ್ದನ್ನು ಕತ್ತರಿಸುತ್ತದೆ. ಒಂದು ವಾರ್ನಿಂಗ್ ಕೊಡುತ್ತದೆ, ಆದರೆ ವಾರ್ನಿಂಗ್ ಯಾರು ಓದುತ್ತಾರೆ? ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಚಿಹ್ನೆ ಅಂದರೆ ನಾವು ಓದುವ ಅಕ್ಷರವಲ್ಲ. ಹ ಒಂದು, ಅದರ ದೀರ್ಘ ಇನ್ನೊಂದು, ಲ ಮತ್ತೊಂದು, ಅದರ ಕೊಂಬು ಮಗದೊಂದು. ಹಾಗಾಗಿ 'ಹಾಲು' ಅನ್ನುವ ಎರಡಕ್ಷರದ ಪದಕ್ಕೆ 12 ಬೈಟ್, 'ಕಡಲೆಕಾಯಿ'ಗೆ 24. ಇಂಗ್ಲಿಷಿನಲ್ಲಿ ಆರಾಮಾಗಿ ಹಿಡಿಸುವ ಪಟ್ಟಿ ಕನ್ನಡದಲ್ಲಿ ಅರ್ಧಕ್ಕೇ ನಿಲ್ಲಬಹುದು.

ಕಾಲಂ ಹೆಸರಿಗೂ ಇದೇ ಗತಿ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿಗೆ ಹೆಚ್ಚೆಂದರೆ 63 ಬೈಟ್, ಅಂದರೆ 21 ಕನ್ನಡ ಚಿಹ್ನೆ. 'ಮಗುವಿಗೆ ಯಾವ ಆಹಾರ ಒಗ್ಗುವುದಿಲ್ಲ' ಅನ್ನುವ ತಲೆಬರಹಕ್ಕೆ 81 ಬೈಟ್ ಬೇಕು. ಪೂರ್ತಿ ಬರುವುದಿಲ್ಲ, ಬಾಲ ಕತ್ತರಿಸಿಹೋಗುತ್ತದೆ. ಕನ್ನಡದ ವಾಕ್ಯದಲ್ಲಿ 'ಇಲ್ಲ' ಇರುವುದು ಬಾಲದಲ್ಲೇ ಅನ್ನುವುದನ್ನು ಮರೆಯಬೇಡಿ! ಕನ್ನಡದಲ್ಲಿ ತಲೆಬರಹ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಕೊಡಿ, ಚಿಕ್ಕದಾಗಿ ಕೊಡಿ. ಅದಕ್ಕೇ ನಾವು 'ಒಗ್ಗದ್ದು' ಅಂತ ಇಟ್ಟದ್ದು.

ಮೂರನೆಯದು ಪದಗಳ ವಿಷಯ. ಆ ಊಟದ ನಂತರ ಕೆಲವರು, ಒಂದೊಂದು ಪದಾರ್ಥಕ್ಕೂ ಒಂದೊಂದು ಕಾಲಂ ಮಾಡೋಣ ಅಂದರು. ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿ, ಇದ್ದರೆ ಒಂದು ಗುರುತು. ಒಳ್ಳೆಯ ಯೋಚನೆ. ಆದರೆ ನಮ್ಮ ಮನೆಗಳಲ್ಲಿ ಕಡಲೆಕಾಯಿ ಅನ್ನುವವರು ಮೈಸೂರು ಬೆಂಗಳೂರು ಕಡೆಯವರು. ಹುಬ್ಬಳ್ಳಿ ಧಾರವಾಡದವರು ಶೇಂಗಾ ಅನ್ನುತ್ತಾರೆ, ಮಂಗಳೂರು ಕಡೆ ನೆಲಗಡಲೆ ಅನ್ನುವವರಿದ್ದಾರೆ. ಕೇಸ್ ವೆನ್ ಉತ್ತರ = 'ಕಡಲೆಕಾಯಿ' ಅಂತ ಬರೆದರೆ ಧಾರವಾಡದ ಮಗುವಿನ ಚೌಕ ಖಾಲಿ. ಮೂರೂ ಒಂದೇ ಬೀಜ ಅಂತ ನಿಮ್ಮ ಅಜ್ಜಿಗೆ ಗೊತ್ತು, ಡೇಟಾಬೇಸಿಗೆ ಗೊತ್ತಿಲ್ಲ. ಆದ್ದರಿಂದ ಉತ್ತರವನ್ನು ಬರೆಸಬೇಡಿ, ಆರಿಸಲು ಕೊಡಿ. ಬರೆಸಲೇಬೇಕಾದರೆ ಯಾವ ಪದ ಯಾವುದಕ್ಕೆ ಸಮ ಅಂತ ಇನ್ನೊಂದು ಚಿಕ್ಕ ಟೇಬಲ್ ಇಡಿ, ಅದನ್ನು ಎಲ್ಲ ಕಡೆಯವರಿಂದಲೂ ಓದಿಸಿ.

ನಾಲ್ಕನೆಯದು ಖಾಲಿ ಚೌಕದ ವಿಷಯ. ಉದ್ದದ ಪಟ್ಟಿಯಲ್ಲಿ ಖಾಲಿ ಕಾಣುವುದಿಲ್ಲ, ಉತ್ತರ ಬರದಿದ್ದರೆ ಸಾಲೇ ಇರುವುದಿಲ್ಲ. ಅಗಲ ಮಾಡಿದಾಗ ಖಾಲಿಗಳು ಹುಟ್ಟುತ್ತವೆ. ಖಾಲಿ ನೋಡಲು ಚೆನ್ನಾಗಿಲ್ಲ ಅಂತ ಹಲವರು ಕೊಆಲೆಸ್ ಅನ್ನುವ ಫಂಕ್ಷನ್ ಹಾಕಿ ಅಲ್ಲಿ 'ಇಲ್ಲ' ಅಂತ ತುಂಬುತ್ತಾರೆ. ಒಗ್ಗದ ಆಹಾರ ಇಲ್ಲ ಅನ್ನುವುದೂ, ಮನೆಯವರು ಆ ಪ್ರಶ್ನೆಗೆ ಉತ್ತರಿಸಿಲ್ಲ ಅನ್ನುವುದೂ ಒಂದೇ ಅಲ್ಲ. ಮೊದಲನೆಯವರಿಗೆ ಬಡಿಸಬಹುದು, ಎರಡನೆಯವರಿಗೆ ಫೋನ್ ಮಾಡಬೇಕು. ತುಂಬಲೇಬೇಕಾದರೆ 'ಉತ್ತರ ಬಂದಿಲ್ಲ' ಅಂತ ತುಂಬಿ.

ಇದರ ಜೊತೆಗೆ, ಫಾರಂ ಅನ್ನೇ ತುಂಬದ ಮಗು ಪಿವಟ್‌ನಲ್ಲಿ ಬರುವುದೇ ಇಲ್ಲ. ಒಂದು ಸಾಲೂ ಇಲ್ಲದಿದ್ದರೆ ಮಡಿಸಲು ಏನಿದೆ? ಆದರೆ ಹಬ್ಬದ ದಿನ ಆ ಮಗು ಬಂದೇ ಬರುತ್ತದೆ, ಅಲ್ಲವೇ? ಹಾಗಾಗಿ 'ಉತ್ತರಗಳು' ಟೇಬಲ್ಲಿನಿಂದ ಶುರು ಮಾಡಬೇಡಿ. ಶಾಲೆಯ ಮಕ್ಕಳ ಟೇಬಲ್ಲಿನಿಂದ ಶುರು ಮಾಡಿ, ಉತ್ತರಗಳನ್ನು ಲೆಫ್ಟ್ ಜಾಯಿನ್ ಮಾಡಿ. ಆಗ ಉತ್ತರ ಕೊಡದ ಮಗುವಿಗೂ ಒಂದು ಸಾಲು ಇರುತ್ತದೆ.

ಐದನೆಯದು, ನೀವೇ ಕೇಳುವ ಪ್ರಶ್ನೆ. ಮುಂದಿನ ವರ್ಷ ನಾಲ್ಕನೇ ಪ್ರಶ್ನೆ ಸೇರಿಸಿದರೆ ಕಾಲಂ ತಾನಾಗಿ ಬರುತ್ತದೆಯೇ? ಬರುವುದಿಲ್ಲ. ಸಾಮಾನ್ಯ ಕ್ವೆರಿಯಲ್ಲಿ ಯಾವ ಯಾವ ಕಾಲಂ ಬರುತ್ತದೆ ಅನ್ನುವುದು ಅದು ಓಡುವ ಮುಂಚೆಯೇ ಗೊತ್ತಿರಬೇಕು. ಪ್ರಶ್ನೆಗಳ ಪಟ್ಟಿ ಓದಿ ಕ್ವೆರಿಯ ಪಠ್ಯವನ್ನೇ ಪ್ರೋಗ್ರಾಮಿನಿಂದ ಬರೆಸುವ ದಾರಿ ಇದೆ, ಡೈನಾಮಿಕ್ ಎಸ್‌ಕ್ಯೂಎಲ್ ಅನ್ನುತ್ತಾರೆ. ಆದರೆ ಹೊರಗಿನವರು ಬರೆದ ಪಠ್ಯವನ್ನು ಹಾಗೇ ಕ್ವೆರಿಗೆ ಅಂಟಿಸಿದರೆ, ಯಾರು ಬೇಕಾದರೂ ಅದರಲ್ಲಿ ತಮ್ಮ ಆದೇಶ ತುರುಕಬಹುದು. ಹಾಗಾಗಿ ಶುರುವಿನಲ್ಲಿ ಆ ದಾರಿ ಬೇಡ. ಉದ್ದದ ಪಟ್ಟಿಯನ್ನು ಹಾಗೇ ಹೊರಗೆ ತೆಗೆದು ಎಕ್ಸೆಲ್‌ನ ಪಿವಟ್ ಟೇಬಲ್‌ನಲ್ಲೋ ಪೈಥಾನ್‌ನಲ್ಲೋ ಅಗಲ ಮಾಡುವುದು ಎಷ್ಟೋ ಸಲ ಸುಲಭ. ಆದರೆ ಒಂದು ಚೌಕಕ್ಕೆ ಎರಡು ಉತ್ತರ ಬಂದರೆ ಅಲ್ಲಿ ಏನಾಗುತ್ತದೆ ಅಂತ ಅಲ್ಲೂ ಕೇಳಿಕೊಳ್ಳಬೇಕು.

ಕೊನೆಯದು, ಹಿಂದಕ್ಕೆ ತಿರುಗಿಸಿ ನೋಡುವುದು. ಅಗಲದ ಪಟ್ಟಿಯನ್ನು ಮತ್ತೆ ಉದ್ದ ಮಾಡಬಹುದು, ಅದಕ್ಕೆ ಅನ್‌ಪಿವಟ್ ಅನ್ನುತ್ತಾರೆ. ಒಂದೊಂದು ಕಾಲಂ ತೆಗೆದು ಯೂನಿಯನ್ ಆಲ್ ಹಾಕಿ ಒಂದರ ಕೆಳಗೆ ಒಂದು ಜೋಡಿಸಿದರಾಯಿತು. ಹಾಗೆ ಮಾಡಿ ತುಂಬಿದ ಸಾಲುಗಳನ್ನು ಎಣಿಸಿ. ಮೂಲದಲ್ಲಿ ಎಷ್ಟಿತ್ತೋ ಅಷ್ಟೇ ಬಂದರೆ ಒಳ್ಳೆಯದು. ಕಡಿಮೆ ಬಂದರೆ, ದಾರಿಯಲ್ಲಿ ಏನೋ ಬಿದ್ದುಹೋಗಿದೆ. ನಾನು ಅವತ್ತು ಹೀಗೆ ಮಾಡಿದ್ದರೆ ಮುದ್ರಿಸುವ ಮುಂಚೆಯೇ ಗೊತ್ತಾಗುತ್ತಿತ್ತು, ಯಾಕೆಂದರೆ ಲೆಕ್ಕ ಕಡಿಮೆ ಬರುತ್ತಿತ್ತು. ಮ್ಯಾಕ್ಸ್ ಎಸೆದದ್ದನ್ನು ಯಾವ ಅನ್‌ಪಿವಟ್ಟೂ ವಾಪಸು ತರುವುದಿಲ್ಲ. ಮೂಲ ಪಟ್ಟಿ ಉಳಿದಿದ್ದರೆ ಮಾತ್ರ ದಾರಿ.

ಅದಕ್ಕೇ ಶುರುವಿನಲ್ಲಿ ಕಿರ್ದಿಯ ಮಾತು ಹೇಳಿದ್ದು. ಅಗಲದ ಪಟ್ಟಿ ನೋಡಲು ಚೆನ್ನಾಗಿದೆ ಅಂತ ಅದನ್ನೇ ಉಳಿಸಿಕೊಂಡು ಉದ್ದದ ಪಟ್ಟಿಯನ್ನು ಅಳಿಸಬೇಡಿ. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಿರ್ದಿ ಉಳಿದಿದ್ದರಿಂದ. ಕಡಲೆಕಾಯಿ ಎಲ್ಲೂ ಹೋಗಿರಲಿಲ್ಲ, ಅವರು ಬರೆದ ಜಾಗದಲ್ಲೇ ಇತ್ತು. ಅದನ್ನು ಚೀಟಿಗೆ ಏರಿಸುವಾಗ ಬಿಟ್ಟವನು ನಾನು. ಅವರಿಗೆ ಹಾಗೆಯೇ ಹೇಳಿ ಕ್ಷಮೆ ಕೇಳಿದೆ. ಕಂಪ್ಯೂಟರ್ ತಪ್ಪು ಮಾಡಿತು ಅಂತ ಹೇಳಲಿಲ್ಲ, ಅದು ನಿಜವಾಗಿರಲಿಲ್ಲ.

ನಿಮಗೆ ಒಂದು ಚಿಕ್ಕ ಮನೆಗೆಲಸ ಕೊಡುತ್ತೇನೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಉಚಿತ, ಅರ್ಧ ಗಂಟೆಯಲ್ಲಿ ಕಲಿಯಬಹುದು. ಮೂರು ಕಾಲಂನ ಒಂದು ಟೇಬಲ್ ಮಾಡಿ, ನಿಮ್ಮ ಮನೆಯವರ ಒಗ್ಗದ್ದು ಇಷ್ಟವಾದದ್ದು ಎಲ್ಲ ತುಂಬಿ. ಬೇಕೆಂದೇ ಒಬ್ಬರಿಗೆ ಎರಡು ಉತ್ತರ ಕೊಡಿ, ಒಬ್ಬರಿಗೆ ಒಂದನ್ನೂ ಕೊಡಬೇಡಿ. ಮ್ಯಾಕ್ಸ್ ಹಾಕಿ ಪಿವಟ್ ಮಾಡಿ, ಯಾರು ಮಾಯವಾದರು ನೋಡಿ. ಆಮೇಲೆ ಸರಿಮಾಡಿ. ತುಂಬುವಾಗ ಅಜ್ಜಿಗೆ ಫೋನ್ ಮಾಡಿ, ಅವರಿಗೆ ಏನು ಒಗ್ಗುವುದಿಲ್ಲ ಅಂತ ಕೇಳಿ. ನಮ್ಮಲ್ಲಿ ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ.

ನಾಳೆ ನಿಮ್ಮಲ್ಲಿ ಹಲವರು ಆಸ್ಪತ್ರೆಗೆ, ಶಾಲೆಗೆ, ಬ್ಯಾಂಕಿಗೆ ಇಂಥ ಪಟ್ಟಿ ಬರೆಯುವವರು. ನಿಮ್ಮ ಕ್ವೆರಿಯ ಒಂದು ಚೌಕದ ಆಚೆ ಕಡೆ ಯಾರೋ ಎಲೆಯ ಮುಂದೆ ಕೂತಿರುತ್ತಾರೆ. ಮಡಿಸುವ ಮುಂಚೆ ಒಮ್ಮೆ ಎಣಿಸಿ.